ವಿತೌಟ್ ಕರ್ಜಿಕಾಯಿ

ಮಗಳಿಗೆ ಆರನೇ ತಿಂಗಳಲ್ಲಿ ಶುಗರ್ ಕಾಣಿಸಿಕೊಂಡಿತು. ಬಸುರಿನಲ್ಲಿ ಬಂದು ಹೆರಿಗೆಯಾದ ಮೇಲೆ ಹೋಗುವಂಥದ್ದು ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಆದರೆ ಸಿಹಿ ಪೂರ್ತಿ ಬಂದ್. ಅವಳಿಗೋ ಅದೇ ವಾರ ಕರ್ಜಿಕಾಯಿಯ ಬಯಕೆ ಹತ್ತಬೇಕೆ? ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎನ್ನುತ್ತಿದ್ದರು ನಮ್ಮ ಮನೆಯ ಹಿರಿಯರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು, ಅದನ್ನೆಲ್ಲ ನಂಬುವುದಿಲ್ಲ. ನಂಬದಿದ್ದರೂ ಕೊಬ್ಬರಿ ತರಲು ಗಾಂಧಿ ಬಜಾರಿಗೆ ಹೊರಟೆ.

"ವಿತೌಟ್ ಮಾಡ್ಕೊಡ್ತೀನಿ, ಧೈರ್ಯವಾಗಿ ತಿನ್ನು" ಎಂದೆ ಅವಳಿಗೆ. ನಮ್ಮ ಶಂಕರಪುರದ ಹೋಟೆಲಿನಲ್ಲಿ 'ಒಂದು ವಿತೌಟ್' ಅಂದರೆ ಸಕ್ಕರೆ ಹಾಕದ ಕಾಫಿ ಬರುತ್ತದೆ. ಏನಿಲ್ಲದ್ದು ಎಂದು ಬಿಡಿಸಿ ಹೇಳುವ ಅಗತ್ಯವೇ ಇಲ್ಲ.

ಚಿರೋಟಿ ರವೆಯ ಕಣಕ ಕಲಸಿ ನೆನೆಯಲು ಬಿಟ್ಟೆ. ಹೂರಣಕ್ಕೆ ಕೊಬ್ಬರಿ ತುರಿ, ಹುರಿಗಡಲೆ ಪುಡಿ, ಹುರಿದ ಗಸಗಸೆ, ಏಲಕ್ಕಿ. ಸಕ್ಕರೆ ಡಬ್ಬದ ಕಡೆ ತಿರುಗಿಯೂ ನೋಡಲಿಲ್ಲ. ಮಂಡ್ಯದ ಒಳ್ಳೇ ಬೆಲ್ಲ ಹೆರೆದು ಬೆರೆಸಿದೆ. ಸಣ್ಣ ಉರಿಯಲ್ಲಿ ಕರಿದದ್ದು ಒಂದೂ ಬಾಯಿ ಬಿಡಲಿಲ್ಲ. ಮಗಳು ಮೊದಲ ದಿನವೇ ಆರು ತಿಂದಳು. ನಾನೂ ಪಕ್ಕದಲ್ಲಿ ಕೂತು ಇನ್ನೊಂದು, ಇನ್ನೊಂದು ಎಂದು ಬಡಿಸಿದೆ.

ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದರೆ ಶುಗರ್ ಏರಿ ಕೂತಿದೆ.

"ಏನ್ ತಿಂದ್ರಿ?" ಎಂದರು ಡಾಕ್ಟರಮ್ಮ.

"ಏನೂ ಇಲ್ಲ ಡಾಕ್ಟ್ರೆ. ಅಮ್ಮ ಮಾಡಿದ್ ವಿತೌಟ್ ಕರ್ಜಿಕಾಯಿ ಅಷ್ಟೆ."

"ಸಕ್ಕರೆ ಬದ್ಲು ಏನ್ ಹಾಕಿದ್ರಮ್ಮ?"

"ಬೆಲ್ಲ" ಎಂದೆ, ತಲೆಯೆತ್ತಿಕೊಂಡು.

"ಬೆಲ್ಲಾನೂ ಸಕ್ಕರೆನೇ ಅಲ್ವಾ?" ಎಂದು ಅವರು ಮೆಲ್ಲಗೆ ಕೇಳಿದರು. "ಒಂದ್ ವಾರ ನೋಡೋಣ. ಇಳೀಲಿಲ್ಲ ಅಂದ್ರೆ ದಿನಾ ಇನ್ಸುಲಿನ್ ಚುಚ್ಕೋಬೇಕಾಗತ್ತೆ."

ಗ್ಲೂಕೋಸಿನ ಸೂತ್ರವನ್ನು ಸಾವಿರ ಸಲ ಬೋರ್ಡಿನ ಮೇಲೆ ಬರೆದ ಕೈ ಇದು. ಆದರೆ ಅಡುಗೆಮನೆಯಲ್ಲಿ ನಾನು ಟೀಚರಲ್ಲ, ನಮ್ಮಜ್ಜಿಯ ಮೊಮ್ಮಗಳು. ಬಿಸಿಲಲ್ಲಿ ಬಂದವರಿಗೆ ಅಜ್ಜಿ ಮೊದಲು ಕೊಡುತ್ತಿದ್ದದ್ದು ಬೆಲ್ಲ ಮತ್ತು ನೀರು. ಸಕ್ಕರೆ ಅಂಗಡಿಯ ಸರಕು, ಬೆಲ್ಲ ಆರೋಗ್ಯ ಎಂದೇ ಬೆಳೆದವಳು ನಾನು. ನನ್ನ ಸಿಟ್ಟು ಮೊದಲು ಡಾಕ್ಟರಮ್ಮನ ಮೇಲೆ ಹೋಯಿತು, ಆಮೇಲೆ ಬೆಲ್ಲದ ಮೇಲೆ, ಆಟೋ ಮನೆ ಮುಟ್ಟುವ ಹೊತ್ತಿಗೆ ನನ್ನ ಮೇಲೇ ಬಂತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವಳು.

ಮಗಳಿಗೆ ಸೂಜಿಯೆಂದರೆ ಚಿಕ್ಕಂದಿನಿಂದ ಜೀವ ಹೋದಷ್ಟು ಭಯ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ. ಅವಳು ಬೈಯಲಿಲ್ಲ. ಅಂದಿನಿಂದ ತಟ್ಟೆಗೆ ಬಿದ್ದದ್ದಕ್ಕೆಲ್ಲ "ಇದಕ್ಕೇನ್ ಹಾಕಿದೀಯ?" ಎಂದು ಕೇಳತೊಡಗಿದಳು. ಸಾರಿಗೂ ಕೇಳಿದಳು. ನಮ್ಮ ಮನೆಯ ಸಾರಿಗೆ ಚೂರು ಬೆಲ್ಲ ಬೀಳುವುದು ಅವಳಿಗೆ ಗೊತ್ತಲ್ಲ. ಮೂರನೇ ದಿನದಿಂದ ತನ್ನ ರೊಟ್ಟಿ ತಾನೇ ತಟ್ಟಿಕೊಂಡಳು. ನನ್ನ ಕೈಯಡುಗೆಗೆ ನನ್ನ ಮಗಳು ಹೆದರುತ್ತಿದ್ದಾಳೆ ಎಂದು ನನಗೆ ತುಂಬ ನೋವಾಯಿತು.

ವಾರ ಮುಗಿಯಲು ಒಂದು ದಿನ ಇರುವಾಗ ಮತ್ತೆ ಕಣಕ ಕಲಸಿದೆ, ಈ ಸಲ ಗೋಧಿಹಿಟ್ಟು. "ಬಂದು ಕಣ್ಣಾರೆ ನೋಡು" ಎಂದು ಕರೆದೆ. ಸ್ಟೂಲ್ ಎಳೆದುಕೊಂಡು ಕೂತಳು. ಬೆಲ್ಲವಿಲ್ಲದ ಹೂರಣ ಅಂಟಲೇ ಇಲ್ಲ, ಬರೀ ಪುಡಿ. ಅಂಚಿಗೆ ಹಾಲು ಸವರಿ ಒತ್ತಿ ಒತ್ತಿ ಮುಚ್ಚಿದರೂ ಎರಡು ಎಣ್ಣೆಯಲ್ಲಿ ಒಡೆದವು. ಅವಳು ಒಂದನ್ನು ತಿಂದಳು. ಈ ವಾರಕ್ಕೆಂದು ಡಾಕ್ಟರಮ್ಮ ಕೊಟ್ಟಿದ್ದ ಶುಗರ್ ಮೆಷಿನ್ನಿನಲ್ಲಿ, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿಕೊಂಡು ಪರೀಕ್ಷೆ ಮಾಡಬೇಕಿತ್ತು. ಆ ಎರಡು ಗಂಟೆ ನಾನು ಒಲೆಕಟ್ಟೆಯನ್ನು ಮೂರು ಸಲ ಒರೆಸಿದೆ.

ಕೋಣೆಯಿಂದ ಬಂದು ಮೆಷಿನ್ನನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಡಾಕ್ಟರಮ್ಮ ಹೇಳಿದ ಮಿತಿಯೊಳಗೇ ಇತ್ತು. ಆಮೇಲೆ ತಟ್ಟೆಯನ್ನು ಮುಂದಕ್ಕೆ ಒಡ್ಡಿದಳು.

"ಚೆನ್ನಾಗಿಲ್ಲ ಅಮ್ಮ" ಎಂದಳು. "ಇನ್ನೊಂದ್ ಕೊಡು."