ಕಾರು ನಿಲ್ಲಿಸಿದ ಜಾಗ

ಇನ್ನೂ ಕಟ್ಟದ ಮನೆಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವುದು ಆದೋನಿಯಲ್ಲಿ ನನ್ನ ಕೆಲಸ. ಕೌತಾಳಂ ಕಡೆಯ ಗೌರಮ್ಮನವರು ಹೊಲದಲ್ಲಿ ಕಟ್ಟಿಸಲಿದ್ದ ಮನೆಗೂ ಮಾಡಿದ್ದೆ. ಜಾಗದ ಫೋಟೋದಲ್ಲಿದ್ದ ಹಳೆಯ ಕಲ್ಲುಕಟ್ಟೆ ಅಳಿಸಿ, ಹುಲ್ಲು ಹಾಸಿ, ಅಲ್ಲೇ ಬಿಳಿ ಕಾರೊಂದನ್ನು ನಿಲ್ಲಿಸಿದ್ದೆ.

ಚಿತ್ರ ತೋರಿಸಿದಾಗ ಅವರು ಪರದೆಯ ಹತ್ತಿರ ಬಾಗಿ ನೋಡಿದರು.

"ಮನಿ ಚೆಂದ ಐತಪ್ಪ. ಆದ್ರ ಕಾರು ತಂದು ನಮ್ಮ ಮನಿಯವರ ಮ್ಯಾಲೆ ನಿಂದ್ರಿಸೀಯಲ್ಲ."

ನಾನು ಅಳಿಸಿದ ಕಟ್ಟೆ ಅವರ ಗಂಡನ ಸಮಾಧಿ. ನಾವೂ ಹಿರಿಯರನ್ನು ಹೊಲದಲ್ಲೇ ಮಣ್ಣು ಮಾಡುವವರು. ಆದರೂ ಪರದೆಯ ಮೇಲೆ ನನಗದು ಬರೀ ಕಲ್ಲಾಗಿತ್ತು.

ಕಾರು ತೆಗೆದೆ. ಸಾಫ್ಟ್‌ವೇರಿನಲ್ಲಿ ಬಗೆಬಗೆಯ ಸೋಫಾ, ಈಜುಕೊಳ ಎಲ್ಲ ಇದ್ದವು, ಸಮಾಧಿ ಇರಲಿಲ್ಲ. ಕಲ್ಲಿನ ಮೇಲೆ ಕಲ್ಲಿಟ್ಟು ನಾನೇ ಕಟ್ಟಿದೆ. ಅವರು ಪರದೆಗೆ ಕೈ ಮುಗಿದರು.

ಈಗ ಫೋಟೋದಲ್ಲಿ ಕಲ್ಲು ಕಂಡರೆ ಇದೇನು ಅಂತ ಕೇಳುವುದಿಲ್ಲ, ಇವರು ಯಾರು ಅಂತ ಕೇಳುತ್ತೇನೆ.