ಜುಲೈ ಒಂದರಂದು ಹುಟ್ಟಿದವರು

2005ರ ಫೆಬ್ರವರಿಯಲ್ಲಿ, ಕಲ್ಯಾಣದುರ್ಗದ ಬಸ್ ನಿಲ್ದಾಣದ ಎದುರಿಗಿದ್ದ ಒಂದು ಜೆರಾಕ್ಸ್ ಅಂಗಡಿಯ ಕಂಪ್ಯೂಟರ್, ಸೆಟ್ಟೂರು ಕಡೆಯ ಹಳ್ಳಿಯೊಂದರ ಹುಡುಗಿಗೂ ಅವಳದೇ ಬೀದಿಯ ಹುಡುಗನಿಗೂ ಮದುವೆ ಕೂಡದು ಎಂದು ಅಚ್ಚು ಹಾಕಿ ಕೊಟ್ಟಿತು.

ಇದು ನನಗೆ ತಲುಪಿದ್ದು ಮದುವೆಯ ಸುದ್ದಿಯಾಗಿ ಅಲ್ಲ, ವೈರಸ್ಸಿನ ದೂರಾಗಿ. ಆಗ ನಾನು ಹಿಂದೂಪುರದಲ್ಲಿ ಕಂಪ್ಯೂಟರ್ ಮಾರುವ, ರಿಪೇರಿ ಮಾಡುವ ಕೆಲಸದಲ್ಲಿದ್ದೆ. ಅದಕ್ಕೂ ಮುಂಚೆ ಕೆಲವು ವರ್ಷ ಕನ್ನಡ ಪತ್ರಿಕೆಯೊಂದಕ್ಕೆ ಗಡಿಭಾಗದ ಸುದ್ದಿ ಕಳಿಸುತ್ತಿದ್ದೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆಬೇರೆಯಾಗಿ ಇಟ್ಟುಕೊಳ್ಳುವ ಅಭ್ಯಾಸ ಅಲ್ಲಿಂದ ಬಂದದ್ದು. ಕಂಪ್ಯೂಟರ್ ರಿಪೇರಿಗೂ ಅದು ಉಪಯೋಗಕ್ಕೆ ಬಂತು. ಏಕೆಂದರೆ ಗಿರಾಕಿ ಹೇಳುವ ಕಾಯಿಲೆಗೂ ಯಂತ್ರಕ್ಕೆ ಇರುವ ಕಾಯಿಲೆಗೂ ಸಾಮಾನ್ಯವಾಗಿ ಸಂಬಂಧ ಇರುವುದಿಲ್ಲ.

ಹಿಂದೂಪುರದ ಬೆಲ್ಲದ ಮಂಡಿಯೊಂದರಲ್ಲಿ ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಕರೆಂಟಿನ ದೋಷ ಎಂದು ಸಾಹುಕಾರರು ಹೊಸ ವೈರಿಂಗನ್ನೇ ಮಾಡಿಸಿದ್ದರು. ಡಬ್ಬಿ ಬಿಚ್ಚಿದರೆ ಒಳಗೆ ಇರುವೆಗಳ ಸಂಸಾರ. ಬೆಚ್ಚಗಿನ ಜಾಗ, ಪಕ್ಕದಲ್ಲೇ ಬೆಲ್ಲ, ಅವುಗಳಿಗೆ ಇನ್ನೇನು ಬೇಕು? ಚಿಲಮತ್ತೂರಿನ ಒಂದು ಆಫೀಸಿನಲ್ಲಿ ಆಯುಧಪೂಜೆಯ ಮರುದಿನ ಕೀಬೋರ್ಡು ಕೆಲಸ ಮಾಡಲಿಲ್ಲ. ಪ್ರತಿ ಗುಂಡಿಗೂ ತಪ್ಪದೆ ಅರಿಶಿನ ಕುಂಕುಮ ಇಟ್ಟಿದ್ದರು. "ಒಂದಕ್ಕಿಟ್ಟು ಒಂದಕ್ಕೆ ಬಿಟ್ರೆ ಬೇಜಾರಾಗಲ್ವಾ ಸಾರ್?" ಎಂದು ಅಲ್ಲಿನ ಗುಮಾಸ್ತೆ ಕೇಳಿದರು. ಆ ಕಾಲದಲ್ಲಿ ಕಂಪ್ಯೂಟರ್ ಇರುವ ಕೋಣೆಗೆ ಎಲ್ಲರೂ ಚಪ್ಪಲಿ ಬಿಟ್ಟೇ ಹೋಗುತ್ತಿದ್ದರು. ಚಪ್ಪಲಿ ಧೂಳಿನಲ್ಲಿ ವೈರಸ್ ಬರುತ್ತದೆ ಎನ್ನುವುದು ಒಂದು ಕಾರಣ. ಗರ್ಭಗುಡಿಯ ಗೌರವ ಇನ್ನೊಂದು. ನಾನು ಎರಡನ್ನೂ ತಿದ್ದಲು ಹೋಗಲಿಲ್ಲ. ಧೂಳು ಕಡಿಮೆಯಾಗುತ್ತಿತ್ತು, ಯಂತ್ರ ನಾಲ್ಕು ದಿನ ಹೆಚ್ಚು ಬಾಳುತ್ತಿತ್ತು.

ಕಲ್ಯಾಣದುರ್ಗದ ಅಂಗಡಿಯವರು ಫೋನಿನಲ್ಲಿ ತೆಲುಗು ಬೆರೆಸಿ ಹೇಳಿದ್ದು ಇಷ್ಟು: "ಸಾರ್, ವೈರಸ್ ಬಂದ್ಬುಟ್ಟೈತೆ. ಜಾತಕದ ಸಾಫ್ಟ್‌ವೇರು ಕೆಟ್ಟೋಗೈತೆ. ಯಾರು ಬಂದ್ರೂ ಅದೇ ಜಾತಕ ಕೊಡ್ತೈತೆ. ತೊಂದರಗಾ ರಂಡಿ ಸಾರ್, ಬೇಗ ಬನ್ನಿ, ಇಲ್ಲಿ ಒಂದು ಮದುವೆ ನಿಂತೋಗೈತೆ."

ಜೆರಾಕ್ಸ್, ಲ್ಯಾಮಿನೇಷನ್, ಎಸ್‌ಟಿಡಿ ಬೂತ್, ಎಲ್ಲ ಒಂದೇ ಕೋಣೆಯಲ್ಲಿದ್ದ ಅಂಗಡಿ ಅದು. ಹಿಂದಿನ ದಸರಾಕ್ಕೆ ಅವರು ಕಂಪ್ಯೂಟರ್ ಜಾತಕವನ್ನೂ ಶುರು ಮಾಡಿದ್ದರು. ಯಂತ್ರವನ್ನು ಕೂರಿಸಿಕೊಟ್ಟಿದ್ದು ನಾನೇ.

ಮಾರನೆಯ ದಿನ ಬೆಳಗಿನ ಬಸ್ಸು ಹಿಡಿದು, ಮಡಕಶಿರಾ, ಪಾವಗಡ ದಾಟಿ ಕಲ್ಯಾಣದುರ್ಗ ಮುಟ್ಟಿದೆ. ಈ ದಾರಿಯಲ್ಲಿ ಬಸ್ಸು ಆಂಧ್ರದಲ್ಲಿ ಹೊರಟು, ಕರ್ನಾಟಕದೊಳಗೆ ಹಾದು, ಮತ್ತೆ ಆಂಧ್ರಕ್ಕೆ ಬರುತ್ತದೆ. ಮೊಬೈಲಿನ ಸಿಗ್ನಲ್ಲು ಎರಡು ಸಲ ಹೋಗಿ ಬರುತ್ತದೆ. ಪಕ್ಕದ ಸೀಟಿನವರ ಜಗಳ ಮಾತ್ರ ಯಾವ ಗಡಿಯಲ್ಲೂ ಭಾಷೆ ಬದಲಿಸುವುದಿಲ್ಲ. ಅದು ಮೊದಲಿನಿಂದಲೂ ಎರಡೂ ಭಾಷೆಯಲ್ಲಿರುತ್ತದೆ.

ಚಪ್ಪಲಿ ಬಿಟ್ಟು ಒಳಗೆ ಹೋದೆ. ಆಂಟಿವೈರಸ್ ಓಡಿಸಿದೆ, ಏನೂ ಸಿಗಲಿಲ್ಲ. ಬೇರೆಬೇರೆ ತಾರೀಖು ಕೊಟ್ಟು ನೋಡಿದೆ, ಬೇರೆಬೇರೆ ಜಾತಕ ಕೊಟ್ಟಿತು. ಯಂತ್ರ ಆರೋಗ್ಯವಾಗಿತ್ತು.

"ಮತ್ತೆ ಒಂದೇ ಜಾತಕ ಯಾರಿಗೆ ಕೊಟ್ಟಿತು?" ಎಂದು ಕೇಳಿದೆ.

"ಸೆಟ್ಟೂರಿನ ಕಡೆಯೋರಿಗೆ ಸಾರ್. ಒಂದೇ ಓರಿಗೆಯ, ಮದುವೆ ವಯಸ್ಸಿನೋರು ಸುಮಾರು ಜನ ಬಂದ್ರು. ಅದೇ ರಾಶಿ, ಅದೇ ನಕ್ಷತ್ರ. ಆ ಊರಿನ ಗಾಳೀನೇ ಹಂಗೈತೋ ಏನೋ!"

ಅಷ್ಟರಲ್ಲಿ ತಾಯಿ ಮಗಳು ಬಂದು ಬಾಗಿಲಲ್ಲಿ ನಿಂತರು. ಮಗಳು ಕಲ್ಯಾಣದುರ್ಗದಲ್ಲೇ ಒಂದು ಟೈಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಅವಳ ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ತಾಯಿ ಹಳ್ಳಿಯಿಂದ ಬಂದಿದ್ದರು. ಮದುವೆ ನಿಂತಿದ್ದು ಇವಳದೇ ಎಂದು ಅಂಗಡಿಯವರು ನನ್ನ ಕಿವಿಯಲ್ಲಿ ಹೇಳಿದರು. ಹುಡುಗ ಇದೇ ಊರಿನಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವವನು. ಹುಡುಗ ಹುಡುಗಿ ಇಬ್ಬರಿಗೂ ಮನಸ್ಸಿತ್ತು, ಎರಡೂ ಮನೆಯವರು ಒಪ್ಪಿದ್ದರು. ಹುಡುಗನ ಸೋದರಮಾವ ಮಾತ್ರ ಒಂದು ಮಾತು ಕಂಪ್ಯೂಟರಿನಲ್ಲಿ ನೋಡಿಬಿಡೋಣ ಎಂದರಂತೆ. ಕಂಪ್ಯೂಟರ್ ಕೂಡದು ಎಂದಿತು. ಈಗ ಹುಡುಗನಿಗೆ ಬ್ರಹ್ಮಸಮುದ್ರದಿಂದ ಬೇರೊಂದು ಸಂಬಂಧ ಬಂದಿತ್ತು. ಬರುವ ಸೋಮವಾರ ಆ ಸೋದರಮಾವ ಅಲ್ಲಿಗೆ ಹೋಗಿ ಮಾತು ಕೊಡುವವರಿದ್ದರು.

"ಸಾರ್, ರಿಪೇರಿ ಆಯ್ತಾ?" ಎಂದು ಹುಡುಗಿ ಕೇಳಿದಳು. "ಆಗಿದ್ರೆ ನಮ್ದು ಇನ್ನೊಂದು ಸಲ ನೋಡ್ತೀರಾ?"

"ರಿಪೇರಿ ಏನೂ ಇರಲಿಲ್ಲಮ್ಮ. ಸರಿಯಾಗೇ ಇದೆ."

ಅವಳ ಮುಖ ಸಪ್ಪಗಾಯಿತು. ಯಂತ್ರ ಸರಿಯಾಗಿದೆ ಎಂದು ಕೇಳಿ ಅಷ್ಟು ದುಃಖಪಟ್ಟ ಗಿರಾಕಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ತಾಯಿ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹಾಕಿದರು. "ಇದನ್ನ ಹರಿದು ಹಾಕೋಣ ಅಂದ್ರೆ ಹರಿಯಾಕೂ ಆಗಲ್ಲ ಕಣಪ್ಪ. ಆ ಮಾವಯ್ಯ ಇದಕ್ಕೆ ಪ್ಲಾಸ್ಟಿಕ್ ಹೊಡೆಸವ್ನೆ!"

ಕೂಡದು ಎನ್ನುವ ತೀರ್ಪಿಗೆ ಲ್ಯಾಮಿನೇಷನ್ ಆಗಿತ್ತು. ಅಂಗಡಿಯವರು ಬೇರೆ ಕಡೆ ನೋಡಿದರು.

ಹಾಳೆ ಓದಿದೆ. ಇಬ್ಬರಿಗೂ ಒಂದೇ ನಕ್ಷತ್ರ, ಒಂದೇ ಪಾದ, ಒಂದೇ ನಾಡಿ. ನಾಡಿ ಒಂದೇ ಆದರೆ ಮದುವೆ ಕೂಡದು ಎನ್ನುವುದು ಜಾತಕದ ಲೆಕ್ಕ. ಮೇಲುಗಡೆ ಹುಟ್ಟಿದ ತಾರೀಖು ನೋಡಿದರೆ ಅದೂ ಒಂದೇ. ಇಬ್ಬರೂ ಒಂದೇ ವರ್ಷದ ಜುಲೈ ಒಂದು, ಮಧ್ಯಾಹ್ನ ಹನ್ನೆರಡು ಗಂಟೆಗೆ ಹುಟ್ಟಿದ್ದರು.

"ಹನ್ನೆರಡು ಗಂಟೆ ನಾನೇ ಹಾಕಿದ್ದು ಸಾರ್," ಎಂದರು ಅಂಗಡಿಯವರು. "ಗಂಟೆ ಗೊತ್ತಿಲ್ಲ ಅಂದೋರಿಗೆಲ್ಲ ಹನ್ನೆರಡು ಹಾಕ್ತೀನಿ. ನಡುಮಧ್ಯ ಅಲ್ವಾ?"

"ತಾರೀಖೂ ಒಂದೇ ಇದೆಯಲ್ಲ, ನಿಮಗೆ ಏನೂ ಅನ್ನಿಸಲಿಲ್ಲವಾ?"

"ಅದರಲ್ಲೇನೈತೆ? ಈ ಕಡೆಯೋರೆಲ್ಲ ಜುಲೈ ಒಂದೇ. ನಂದೂ ಜುಲೈ ಒಂದೇ."

"ಹೆಡ್‌ಮಾಷ್ಟ್ರು ನಮ್ಮಿಬ್ಬರನ್ನೂ ಒಂದೇ ದಿನ ಇಸ್ಕೂಲಿಗೆ ಸೇರಿಸ್ಕೊಂಡ್ರು ಸಾರ್," ಎಂದಳು ಹುಡುಗಿ. "ನನ್ನ ಮದುವೆ ಆಗಬೇಕಿದ್ದೋರು ಚಿಕ್ಕೋರಿದ್ದಾಗ ಕುರಿ ಹಿಂದೆ ಹೋಗ್ತಿದ್ರು, ಲೇಟಾಗಿ ಸೇರಿದ್ರು. ಇಬ್ಬರಿಗೂ ಒಂದೇ ತಾರೀಖು ಬರೆದ್ರು."

ಇದು ನಮ್ಮ ಕಡೆಯ ಎಲ್ಲರಿಗೂ ಗೊತ್ತಿರುವ ಸಂಗತಿ. ಮಗುವನ್ನು ಶಾಲೆಗೆ ಕರೆತಂದಾಗ ತಂದೆತಾಯಿಗೆ ತಾರೀಖು ಗೊತ್ತಿರುವುದಿಲ್ಲ. ಹೆಡ್‌ಮಾಸ್ಟರು ಮಗುವಿನ ಎತ್ತರ ನೋಡಿ ಒಂದು ವರ್ಷ ಅಂದಾಜು ಮಾಡಿ, ಜುಲೈ ಒಂದು ಎಂದು ಬರೆಯುತ್ತಾರೆ. ರೇಷನ್ ಕಾರ್ಡು, ನೌಕರಿ, ಬ್ಯಾಂಕು, ಎಲ್ಲಕ್ಕೂ ಅದೇ ನಡೆಯುತ್ತದೆ. ನನಗೂ ಗೊತ್ತಿತ್ತು. ಆದರೆ ಅದನ್ನು ಜಾತಕಕ್ಕೂ ಕೊಡುತ್ತಾರೆ ಎಂದು ಹೊಳೆದಿರಲಿಲ್ಲ.

ತಾಯಿಯನ್ನು ಕೇಳಿದೆ. "ಅಮ್ಮ, ಇವಳು ಹುಟ್ಟಿದಾಗ ಮಳೆಗಾಲವಾ?"

"ಮಳೇನಾ? ಗಡಗಡ ನಡುಗೋ ಚಳಿ ಕಣಪ್ಪ. ಅವರೆಕಾಯಿ ಕಾಲ. ವೈಕುಂಠ ಏಕಾದಶಿ ದಿನ, ಕುರಿ ಮನೆಗೆ ಬರೋ ಹೊತ್ತಿಗೆ ಹುಟ್ಟಿದ್ಲು."

"ಮತ್ತೆ ಜುಲೈ ಒಂದು ಅಂತ ಯಾಕೆ ಬರೆಸಿದಿರಿ?"

"ಅದು ಆಫೀಸಿನ ತಾರೀಖು. ಕಂಪ್ಯೂಟ್ರು ಆಫೀಸಿಂದಲ್ವಾ? ಇವರು ತಾರೀಖು ಹೇಳಿ ಅಂದ್ರು, ಹೇಳಿದ್ವಿ. ಹುಟ್ಟಿದ್ದು ಯಾವಾಗ ಅಂತ ಯಾರು ಕೇಳಿದ್ರು?"

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಪರದೆ ನೋಡಿದೆ. ಅಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿದ ತಾರೀಖು ಎಂದೇ ಇತ್ತು. ಕಂಪ್ಯೂಟರಿನ ಬಗ್ಗೆ ನನ್ನ ಅಭಿಪ್ರಾಯ ಒಂದೇ: ಅದು ಸುಳ್ಳು ಹೇಳುವುದಿಲ್ಲ, ನಿಜವನ್ನೂ ಹೇಳುವುದಿಲ್ಲ, ಕೊಟ್ಟಿದ್ದನ್ನು ಲೆಕ್ಕ ಹಾಕುತ್ತದೆ. ಆ ದಿನ ಅದಕ್ಕೆ ಕೊಟ್ಟಿದ್ದು ಒಬ್ಬ ಹೆಡ್‌ಮಾಸ್ಟರರ ಅಂದಾಜನ್ನು. ಅದು ಆ ಅಂದಾಜಿನ ಗ್ರಹಗತಿಯನ್ನು ತಪ್ಪಿಲ್ಲದೆ ಹೇಳಿತ್ತು.

"ಆ ಮಾವಯ್ಯನ್ನ ಕರ್ಕೊಂಡು ಬತ್ತೀನಿ," ಎಂದು ತಾಯಿ ಹೊರಟು ರಸ್ತೆ ದಾಟಿದರು.

ಸೋದರಮಾವ ನಿವೃತ್ತ ಬಸ್ ಕಂಡಕ್ಟರು. ನಿವೃತ್ತಿಯ ನಂತರವೂ ದಿನಾ ಬಸ್ ನಿಲ್ದಾಣದ ಟೀ ಅಂಗಡಿಗೆ ಬಂದು ಹಳೆಯ ಸಹೋದ್ಯೋಗಿಗಳ ಜೊತೆ ಕೂರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಂಪ್ಯೂಟರಿಗೆ ಕೈ ಮುಗಿದು ಒಳಗೆ ಬಂದರು. ವಿಷಯ ಹೇಳಿದೆ. ಅವರು ಒಪ್ಪಲಿಲ್ಲ.

"ಸ್ವಾಮಿ, ಹಿಂದೂಪುರದ ರೈಲ್ವೇ ಸ್ಟೇಷನ್ನಾಗೆ ಕಂಪ್ಯೂಟ್ರು ಸೀಟಿಲ್ಲ ಅಂದ್ರೆ ಇಲ್ಲ. ಕಲೆಕ್ಟ್ರು ಬಂದ್ರೂ ಇಲ್ಲ. ಅಂಥದ್ದು ಇಲ್ಲಿ ಬಂದು ಸುಳ್ಳು ಹೇಳ್ತದಾ?"

"ಸೀಟಿನ ಮಾತು ಬಿಡಣ್ಣ," ಎಂದರು ತಾಯಿ. "ನಿನ್ನ ಅಳಿಯ ಹುಟ್ಟಿದ್ದು ಯಾವತ್ತು, ಅದು ಹೇಳು."

"ಶಿವರಾತ್ರಿ. ನಾನು ಜಾಗರಣೆ ಕೂತಿದ್ದೆ. ಬೆಳಗಿನ ಜಾವ ಹುಟ್ಟಿದ, ನಾನೇ ಮೊದಲು ಎತ್ಕೊಂಡಿದ್ದು. ನಾನು ಡ್ಯೂಟಿಗೆ ಸೇರಿದ ಮುಂದಿನ ವರ್ಷ."

"ಮತ್ತೆ ಜುಲೈ ಒಂದು ಅಂತ ಹೇಳಿದ್ಯಲ್ಲಣ್ಣ!"

"ಕಂಪ್ಯೂಟ್ರಿಗೆ ಶಿವರಾತ್ರಿ ಅಂದ್ರೆ ತಿಳೀತದಾ? ಇಂಗ್ಲಿಷ್ ತಾರೀಖು ಕೇಳ್ತದೆ, ಸರ್ಟಿಫಿಕೇಟಿನಾಗೆ ಇದ್ದಿದ್ದು ಕೊಟ್ಟೆ."

"ನಮ್ಮ ಹುಡುಗಿ ಹುಟ್ಟಿದಾಗ ನಿನ್ನ ಅಳಿಯ ಮೂರು ವರ್ಷದ ಪಿಳ್ಳ. ದಿನಾ ಹೊಸಿಲು ದಾಟಿ ಬಂದು ತೊಟ್ಟಿಲು ತೂಗ್ತಿದ್ದ. ಬೇಡ ಕಣೋ, ಮಗಾ ಬೀಳ್ತದೆ ಅಂದ್ರೂ ಬಿಡ್ತಿರಲಿಲ್ಲ. ತೊಟ್ಟಿಲು ತೂಗಿದೋನೂ ತೊಟ್ಟಿಲಾಗೆ ಮಲಗಿದೋಳೂ ಒಂದೇ ದಿನ ಹುಟ್ಟಿದ್ರಾ? ಏಮಣ್ಣಾ, ನೀನೇ ಹೇಳು!"

ಹುಡುಗಿ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದಳು. ಸೋದರಮಾವ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು.

"ಸರಿ. ಇದಕ್ಕೆ ಶಿವರಾತ್ರಿ ಗೊತ್ತೈತೋ ಇಲ್ವೋ ಮೊದಲು ನೋಡ್ತೀನಿ. ಈ ವರ್ಷದ ಶಿವರಾತ್ರಿ ಯಾವತ್ತು, ಕೇಳಿ."

ಸಾಫ್ಟ್‌ವೇರಿನಲ್ಲಿ ಪಂಚಾಂಗದ ಪುಟ ಇತ್ತು. ಅಂಗಡಿಯವರು ಅದನ್ನು ಅಲ್ಲಿಯವರೆಗೆ ತೆರೆದಿರಲಿಲ್ಲ. ತೆರೆದೆವು. ಪರದೆಯಲ್ಲಿ ಬಂದ ತಾರೀಖನ್ನು ಸೋದರಮಾವ ಎದ್ದು ಹೋಗಿ ಗೋಡೆಯ ತೆಲುಗು ಕ್ಯಾಲೆಂಡರಿನಲ್ಲಿ ಹುಡುಕಿದರು. ಸರಿಯಾಗಿತ್ತು. ಹೋದ ವರ್ಷದ ಯುಗಾದಿ ಕೇಳಿದರು, ಅದನ್ನೂ ಹೇಳಿತು. ಅವರ ಮುಖದಲ್ಲಿ, ಟಿಕೆಟ್ ಇಲ್ಲದವನೆಂದು ಹಿಡಿದ ಪ್ರಯಾಣಿಕ ಪಾಸು ತೋರಿಸಿದಾಗ ಕಂಡಕ್ಟರಿಗೆ ಬರುವಂಥ ಪೆಚ್ಚುಕಳೆ ಬಂತು.

"ಗೊತ್ತೈತೆ ಕಣಮ್ಮ ಇದಕ್ಕೆ," ಎಂದರು ತಾಯಿಯ ಕಡೆ ತಿರುಗಿ. "ನಾವೇ ಕೇಳಿಲ್ಲ."

ಅವರು ಡ್ಯೂಟಿಗೆ ಸೇರಿದ ಮುಂದಿನ ವರ್ಷದ ಶಿವರಾತ್ರಿಯ ತಾರೀಖು ತೆಗೆದೆವು. ಹುಡುಗನಿಗೆ ಅದರ ಮರುದಿನದ ಬೆಳಗಿನ ಜಾವ. ಹುಡುಗಿಗೆ ಅಲ್ಲಿಂದ ಮೂರು ವರ್ಷದ ನಂತರದ ವೈಕುಂಠ ಏಕಾದಶಿ, ಕುರಿ ಮನೆಗೆ ಬರುವ ಹೊತ್ತು. ಆ ಹೊತ್ತಿಗೆ ಎಷ್ಟು ಗಂಟೆ ಎನ್ನುವ ಬಗ್ಗೆ ತಾಯಿಗೂ ಸೋದರಮಾವನಿಗೂ ಸಣ್ಣ ವಾದವಾಯಿತು. ಚಳಿಗಾಲದಲ್ಲಿ ಕುರಿ ಬೇಗ ಬರುತ್ತವೆ ಎಂದು ತಾಯಿ ಗೆದ್ದರು. ನಕ್ಷತ್ರ ಬೇರೆ, ನಾಡಿ ಬೇರೆ ಬಂದವು. ಪ್ರಿಂಟರ್ ಕರಕರ ಎಂದು ಹಾಳೆ ಹೊರಗೆ ಬಿಟ್ಟಿತು. ಕೊನೆಯ ಸಾಲಿನಲ್ಲಿ ಆಗಬಹುದು ಎಂದಿತ್ತು.

ಹುಡುಗಿ ಅದನ್ನು ಓದಿ ತಾಯಿಯ ಕೈಗೆ ಕೊಟ್ಟಳು. ಓದಲು ಬಾರದ ತಾಯಿ ಅದನ್ನು ತಿರುಗಿಸಿ ನೋಡಿ ಸೋದರಮಾವನಿಗೆ ಕೊಟ್ಟರು. ಸೋದರಮಾವ ಅಂಗಡಿಯವರಿಗೆ ಕೊಟ್ಟು, "ಇದಕ್ಕೂ ಪ್ಲಾಸ್ಟಿಕ್ ಹೊಡೀರಿ," ಎಂದರು.

"ಹಳೇದನ್ನ ಏನು ಮಾಡ್ತೀಯಣ್ಣ?"

"ಇರಲಿ. ಮನೇಲಿ ನೀರಿನ ಮಡಕೆ ಮೇಲೆ ಮುಚ್ಚಾಕೆ ಬರ್ತದೆ."

ಸೋಮವಾರ ಅವರು ಬ್ರಹ್ಮಸಮುದ್ರಕ್ಕೆ ಹೋಗಲಿಲ್ಲ. ಜೆರಾಕ್ಸ್ ಅಂಗಡಿಯವರು ಅದೇ ವಾರ ಬಾಗಿಲಿಗೆ ತೆಲುಗು, ಕನ್ನಡ ಎರಡರಲ್ಲೂ ಒಂದು ಬೋರ್ಡು ಹಾಕಿದರು: 'ಜಾತಕಕ್ಕೆ ಶಾಲೆಯ ತಾರೀಖು ನಡೆಯುವುದಿಲ್ಲ.' ಆಮೇಲೆ ಗಿರಾಕಿಗಳು ಕಡಿಮೆಯಾದರು, ಆದರೆ ಬಂದವರು ಹೆಚ್ಚು ಹೊತ್ತು ಕೂರುತ್ತಿದ್ದರು. ಹಬ್ಬ, ಸುಗ್ಗಿ, ಯಾರದೋ ಮದುವೆ ಎಂದು ಹಿಂದಕ್ಕೆ ಹೋಗುತ್ತಾ ಮಕ್ಕಳು ಹುಟ್ಟಿದ ದಿನವನ್ನು ಹುಡುಕುತ್ತಿದ್ದರು. ನಾನು ಯುಪಿಎಸ್ ನೋಡಲು ಹೋದಾಗಲೆಲ್ಲ ಅಲ್ಲೊಂದು ಸಂಸಾರದ ಹಳೆಯ ಕಥೆ ನಡೆದಿರುತ್ತಿತ್ತು. ಬೆಂಚು ಸಾಲದೆ ಅಂಗಡಿಯವರು ಇನ್ನೊಂದು ತಂದು ಹಾಕಿದರು.

ಮದುವೆ ಆ ವರ್ಷದ ಮೇ ತಿಂಗಳಲ್ಲಿ ಕಲ್ಯಾಣದುರ್ಗದ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ನಾನು ಹೋಗಿದ್ದೆ. ಸೋದರಮಾವ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ನನ್ನನ್ನು 'ಕಂಪ್ಯೂಟ್ರಿಗೆ ಬುದ್ಧಿ ಹೇಳಿದೋರು' ಎಂದು ಪರಿಚಯಿಸಿದರು. ನಾನು ಬುದ್ಧಿ ಹೇಳಿರಲಿಲ್ಲ. ಮರುದಿನದಿಂದ ಅಲ್ಲಿ ಊಟಕ್ಕೆ ಕೂತಿದ್ದವರಲ್ಲಿ ಕೆಲವರು ಟಿವಿ, ಮಿಕ್ಸಿ, ಬೋರಿನ ಸ್ಟಾರ್ಟರು ಕೆಟ್ಟಾಗಲೂ ನನಗೇ ಫೋನ್ ಮಾಡತೊಡಗಿದರು.

ಮಾರನೇ ವರ್ಷದ ಆಗಸ್ಟಿನಲ್ಲಿ ಅವರಿಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯ ಗೋಡೆ ಗಡಿಯಾರ ನೋಡಿ ಹುಡುಗ ತಾರೀಖು, ಗಂಟೆ, ನಿಮಿಷ ಎಲ್ಲ ಮೊಬೈಲಿನಲ್ಲಿ ಬರೆದಿಟ್ಟುಕೊಂಡ. ಜೆರಾಕ್ಸ್ ಅಂಗಡಿಗೆ ಹೋಗಿ ಜಾತಕ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿದ.

2009ರ ಜೂನ್‌ನಲ್ಲಿ ಆ ಮಗುವನ್ನು ಎಲ್‌ಕೆಜಿಗೆ ಸೇರಿಸಿದರು. ಸೇರಿಸಲು ಜುಲೈ ಹೊತ್ತಿಗೆ ಮೂರು ತುಂಬಿರಬೇಕಿತ್ತು, ಕೆಲವು ವಾರ ಕಡಿಮೆ ಬೀಳುತ್ತಿತ್ತು. ಮಗುವನ್ನು ಎತ್ತಿಕೊಂಡು ಶಾಲೆಗೆ ಹೋದವರು ಸೋದರಮಾವ. ಶಾಲೆಯ ದಾಖಲೆಯಲ್ಲಿ ಅವಳು ಹುಟ್ಟಿದ್ದು ಜುಲೈ ಒಂದರಂದು.