ಕಸ್ತೂರಿಯ ಕೆಂಪು ಲಾಳಿ

ಕಸ್ತೂರಿ ಲಾಳಿಯನ್ನು ತುಟಿಗಿಟ್ಟು, ಅದರ ತೂತಿನಿಂದ ನೂಲನ್ನು ಉಸಿರಿನಿಂದ ಹೊರಗೆಳೆದಳು. ಬನಹಟ್ಟಿಯ ನಮ್ಮ ಮಗ್ಗದ ಮನೆಯಲ್ಲಿ ಎಲ್ಲರೂ ಹಾಗೆಯೇ ಎಳೆಯುತ್ತಿದ್ದೆವು. ಆದರೂ ಅಂದು ನಾವೆಲ್ಲ ಕೈ ನಿಲ್ಲಿಸಿ ಅವಳನ್ನೇ ನೋಡಿದೆವು. ಗಂಡ ಏಡ್ಸ್‌ನಿಂದ ತೀರಿಕೊಂಡ ಮೇಲೆ ಅವಳು ಕೆಲಸಕ್ಕೆ ಮರಳಿದ್ದು ಅಂದೇ. ಅವಳಿಗೂ ಎಚ್‌ಐವಿ ಇದೆಯೆಂಬುದು ಓಣಿಗೆಲ್ಲ ಗೊತ್ತಾಗಿತ್ತು.

ಅವಳು ತಲೆ ತಗ್ಗಿಸಲಿಲ್ಲ. “ಡಾಕ್ಟರನ್ನ ಕೇಳೇ ಬಂದೇನ್ರಿ. ಎಂಜಲದಿಂದ ಇದು ಹತ್ತಂಗಿಲ್ಲ. ಆದ್ರೂ ನಿಮಗ ಅಂಜಿಕಿ ಬ್ಯಾಡ, ನಿಮ್ಮ ಲಾಳಿ ಜೋಡಿ ಅದಲುಬದಲಾಗಬಾರ್ದು ಅಂತ ನನ್ನ ಲಾಳಿಗೆ ಕೆಂಪು ಬಣ್ಣ ಹಚ್ಚೇನಿ. ಮಗ್ಗ ಮಾತ್ರ ಬಿಡಂಗಿಲ್ಲ,” ಎಂದಳು.

ಪಕ್ಕದ ಮಗ್ಗದ ಗಂಗವ್ವಜ್ಜಿಗೆ ದಮ್ಮು. ನೂಲೆಳೆಯಲು ಉಸಿರು ಸಾಲದೆ, ಮೊದಲಿನಿಂದಲೂ ಕಸ್ತೂರಿಯಿಂದಲೇ ಎಳೆಸಿಕೊಳ್ಳುತ್ತಿದ್ದಳು. ಕಸ್ತೂರಿ ಕೈ ಚಾಚಿ, “ಯವ್ವಾ, ನಿಂದೂ ಎಳದು ಕೊಡ್ಲೇನ?” ಎಂದು ಕೇಳಿದಳು. ಅಜ್ಜಿ ಅವಳ ಮುಖವನ್ನೊಮ್ಮೆ ನೋಡಿ, ತನ್ನ ಲಾಳಿಯನ್ನು ಅವಳ ಅಂಗೈಯಲ್ಲಿಟ್ಟಳು. “ತಗೋ. ನೀ ಇಲ್ದ ನನ್ನ ಮಗ್ಗ ನಿಂತಬಿಟ್ಟೈತಿ,” ಎಂದಳು.

ದಿನಗಳೆದಂತೆ ಆ ಕೆಂಪು ಬಣ್ಣ ಕಸ್ತೂರಿಯ ಕೈಯಲ್ಲೇ ಸವೆದುಹೋಯಿತು. ಮತ್ತೆ ಹಚ್ಚು ಎಂದು ನಾವ್ಯಾರೂ ಹೇಳಲಿಲ್ಲ. ಅವಳೂ ಹಚ್ಚಲಿಲ್ಲ.